ಅವ್ಯವಸ್ಥೆಯಲ್ಲಿ ಸಮಗತಿ

ಒಂದೇ ತೊಲೆಗೆ ತೂಗುಹಾಕಿದ ಎರಡು ಲೋಲಕ ಗಡಿಯಾರಗಳು ಕ್ರಮೇಣ ಒಂದಕ್ಕೊಂದು ಹೊಂದಿಕೊಂಡು ಆಡತೊಡಗುವುದನ್ನು ಹಾಲೆಂಡಿನ ಕ್ರಿಶ್ಚಿಯನ್ ಹೈಗೆನ್ಸನು 1665ರಲ್ಲಿ ಕಂಡನು. ಬೇಕೆಂದೇ ಆಟವನ್ನು ಕೆಡಿಸಿದರೂ ಅರ್ಧ ಗಂಟೆಯೊಳಗೆ ಅವು ಮತ್ತೆ ಹೊಂದಿಕೊಳ್ಳುತ್ತಿದ್ದುವು. ತೊಲೆಯ ಸೂಕ್ಷ್ಮವಾದ ಅಲುಗಾಟವೇ ಅವುಗಳ ನಡುವಣ ಸಂಬಂಧ. ಗಡಿಯಾರಗಳಾದರೋ ಸ್ವಭಾವತಃ ಲಯಬದ್ಧವಾದುವು. ಲಯವೇ ಇಲ್ಲದ ಎರಡು ವ್ಯವಸ್ಥೆಗಳು ಹೀಗೆ ಕೂಡಿ ನಡೆಯಬಲ್ಲುವೆ?

ಲಯವಿಲ್ಲದುದೆಂದರೆ ನಿಯಮವಿಲ್ಲದುದೆಂದು ನಾವು ತಿಳಿಯಬಾರದು. ಕೆಳಗಿನಿಂದ ಕಾಯಿಸಿದ ದ್ರವದ ಸುತ್ತಾಟವನ್ನು ಸರಳಗೊಳಿಸಿ, ಅಮೆರಿಕದ ಎಡ್ವರ್ಡ್ ಲೊರೆನ್ಸ್ ಅವರು 1963ರಲ್ಲಿ ಮೂರು ಸಮೀಕರಣಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಮೂರು ರಾಶಿಗಳುಂಟು. ‘ಕ’ ಎಂಬುದು ಸುತ್ತಾಟದ ವೇಗವನ್ನೂ ದಿಕ್ಕನ್ನೂ ಹೇಳುವುದು; ‘ಚ’ ಎಂಬುದು ಮೇಲೇರುವ ಮತ್ತು ಕೆಳಗಿಳಿಯುವ ಪ್ರವಾಹಗಳ ಉಷ್ಣತೆಯ ಅಂತರವನ್ನು; ‘ಟ’ ಎಂಬುದು ತಳದಿಂದ ಮೇಲಕ್ಕೆ ಉಷ್ಣತೆಯು ಹಂಚಿಕೊಂಡಿರುವ ಬಗೆಯನ್ನು. ಇಲ್ಲಿ ಆಕಸ್ಮಿಕಕ್ಕೆ ಎಡೆಯೇ ಇಲ್ಲ. ಆದರೂ ಆರಂಭದ ಬೆಲೆಗಳಲ್ಲಿ ಕೂದಲೆಳೆಯಷ್ಟು ಭೇದವಿದ್ದರೆ ಸಾಕು, ಅದು ಬೆಳೆಬೆಳೆದು ಎರಡು ಲೆಕ್ಕಗಳೂ ಬೇರೆ ಬೇರೆ ದಾರಿ ಹಿಡಿಯುವುವು. ಇಂತಹ ನಡೆಯನ್ನು ವಿಜ್ಞಾನಿಗಳು ಕೇಯಾಸ್ ಎನ್ನುತ್ತಾರೆ. ನಾವು ಅವ್ಯವಸ್ಥೆ ಎನ್ನೋಣ. ಇಂತಹ ಎರಡನ್ನು ಜೊತೆಗೂಡಿಸುವುದು ಆಗದ ಮಾತೆಂದೇ ತೋರುವುದು.

ಆದರೆ 1990ರಲ್ಲಿ ಅಮೆರಿಕದ ನೌಕಾ ಸಂಶೋಧನಾಲಯದ ಲೂಯಿ ಪೆಕೋರಾ ಮತ್ತು ಥಾಮಸ್ ಕ್ಯಾರಲ್ ಅವರು ಅದಕ್ಕೊಂದು ಉಪಾಯವನ್ನು ತೋರಿಸಿದರು. ಒಂದೇ ಸ್ಥಿರಾಂಕಗಳುಳ್ಳ ಎರಡು ವ್ಯವಸ್ಥೆಗಳಲ್ಲಿ ಮೊದಲನೆಯದನ್ನು ಅದರ ಪಾಡಿಗೆ ಬಿಡಬೇಕು. ಎರಡನೆಯದರಿಂದ ‘ಕ’ದ ಸಮೀಕರಣವನ್ನು ತೆಗೆದುಹಾಕಿ, ಮೊದಲನೆಯದರ ‘ಕ’ವನ್ನೇ ಅದಕ್ಕೆ ಕ್ಷಣಕ್ಷಣವೂ ಉಣಿಸಬೇಕು. ಉಳಿದೆರಡನ್ನು ಅದು ತಾನೇ ಕಂಡುಕೊಳ್ಳಲಿ. ಈಗ ಎರಡು ಕಡೆಯ ‘ಚ’ಗಳ ಅಂತರವನ್ನು ‘ಮ’ ಎಂದೂ ‘ಟ’ಗಳ ಅಂತರವನ್ನು ‘ನ’ ಎಂದೂ ಕರೆಯೋಣ. ಲೊರೆನ್ಸ್ ಸಮೀಕರಣಗಳಿಂದ ಹೀಗೆ ಬರುವುದು:

ಮ ಬದಲಾಗುವ ದರ = − ಮ − (ಕ × ನ)
ನ ಬದಲಾಗುವ ದರ = (ಕ × ಮ) − (8/3 × ನ)

8/3 ಎಂಬುದು ಲೊರೆನ್ಸ್ ಅವರು ಆರಿಸಿಕೊಂಡ ಸ್ಥಿರಾಂಕ. ಮೊದಲನೆಯ ಸಾಲನ್ನು ‘ಮ’ದಿಂದಲೂ ಎರಡನೆಯದನ್ನು ‘ನ’ದಿಂದಲೂ ಗುಣಿಸಿ ಕೂಡಿಸೋಣ. ಕ, ಮ, ನ ಮೂರೂ ಸೇರಿದ ಪದಗಳು ಒಂದು ಋಣ, ಒಂದು ಧನವಾದ್ದರಿಂದ ಪರಸ್ಪರ ಹೊಡೆದುಹೋಗುವುವು. ಉಳಿಯುವುದು − ಮ² − (8/3 × ನ²) ಮಾತ್ರ. ಕಲನಶಾಸ್ತ್ರ ಬಲ್ಲವರು ಇದು ಮ² + ನ² ಎಂಬುದರ ಅರ್ಧವು ಬದಲಾಗುವ ದರವೆಂದು ಗುರುತಿಸಿಯಾರು. ಅಂತರ ಉಳಿದಿರುವವರೆಗೂ ಅದು ಋಣವೇ. ಆದುದರಿಂದ ಅಂತರವು ಕುಗ್ಗುತ್ತ ಸೊನ್ನೆಯತ್ತ ಸಾಗಲೇಬೇಕು. ‘ಕ’ ಎಷ್ಟು ಹುಚ್ಚಾಗಿ ಕುಣಿದರೇನು, ಲೆಕ್ಕದಿಂದಲೇ ಅದು ಜಾರಿಹೋಗಿದೆ!

ಹಾಗೆಂದು ಯಾವ ರಾಶಿಯನ್ನು ಉಣಿಸಿದರೂ ನಡೆದೀತೆನ್ನುವಂತಿಲ್ಲ. ‘ಟ’ವನ್ನು ಮಾತ್ರ ಕಳುಹಿಸಿದರೆ ಸಮಗತಿ ಬಾರದು. ‘ಕ’, ‘ಚ’ ಎರಡರ ಚಿಹ್ನೆಗಳನ್ನೂ ತಿರುಗಿಸಿದರೆ ‘ಟ’ ಹಾಗೆಯೇ ಉಳಿಯುವುದು. ಸುತ್ತಾಟ ಎಡಕ್ಕೋ ಬಲಕ್ಕೋ ಎಂಬುದನ್ನು ಅದು ಹೇಳಲಾರದು.

ಸಮಗತಿಯ ನೆರವಿನಿಂದ ಗುಟ್ಟಿನ ಸಂದೇಶ ಕಳುಹಿಸಬಹುದೆಂಬ ಆಸೆ ಬೇಗನೆ ಹುಟ್ಟಿತು. 1993ರಲ್ಲಿ ಕೆವಿನ್ ಕ್ಯೂಮೊ ಮತ್ತು ಅಲನ್ ಒಪನ್‌ಹೈಮ್ ಅವರು ಈ ಸಮೀಕರಣಗಳನ್ನು ವಿದ್ಯುನ್ಮಂಡಲಗಳಾಗಿ ಕಟ್ಟಿ, ಮಾತಿನ ಕ್ಷೀಣ ಸಂಕೇತವನ್ನು ‘ಕ’ದೊಳಗೆ ಬೆರೆಸಿ ಕಳುಹಿಸಿದರು. ಅತ್ತಲಿನ ಮಂಡಲವು ತನ್ನ ‘ಚ’ದಿಂದ ‘ಕ’ವನ್ನು ಮರಳಿ ಹುಟ್ಟಿಸಿತು, ಬಂದುದರಲ್ಲಿ ಅದನ್ನು ಕಳೆದಾಗ ಮಾತು ಉಳಿಯಿತು. ಗುಟ್ಟು ಮಾತ್ರ ಬಹಳ ದಿನ ನಿಲ್ಲಲಿಲ್ಲ. ಅವ್ಯವಸ್ಥೆಯೂ ಅಲ್ಪಕಾಲದ ಮಟ್ಟಿಗೆ ಊಹೆಗೆ ನಿಲುಕುವುದಷ್ಟೆ. ಹಾಗೆ ಊಹಿಸಿದ ‘ಕ’ವನ್ನು ಕಳೆದರೆ, ಎರಡನೆಯ ಮಂಡಲವಿಲ್ಲದೆಯೇ ಸಂದೇಶವನ್ನು ಹೊರತೆಗೆಯಬಹುದೆಂದು 1994ರಲ್ಲಿ ಕೆವಿನ್ ಶಾರ್ಟ್ ಅವರು ತೋರಿಸಿದರು.