ಭತ್ತದ ಬೇಸಾಯ ಮತ್ತು ನೀರಿನ ಮಿತಬಳಕೆ

ಭತ್ತವು ನೀರಿನಲ್ಲಿಯೇ ಬಾಳುವ ಬೆಳೆಯೆಂಬ ನಂಬಿಕೆ ರೈತವರ್ಗದಲ್ಲಿ ಬಹುಕಾಲದಿಂದ ಬೇರೂರಿದೆ. ಇದು ಅರ್ಧಸತ್ಯ. ಎಲೆಯಿಂದ ಬೇರಿನವರೆಗೆ ಗಾಳಿಯನ್ನು ಸಾಗಿಸುವ ಸೂಕ್ಷ್ಮ ಪೊಳ್ಳುಗಳು ಈ ಸಸ್ಯದಲ್ಲಿರುವುದರಿಂದ ಅದು ನಿಂತ ನೀರನ್ನು ಸಹಿಸಬಲ್ಲುದು. ಸಹಿಸುವುದು ಬೇರೆ, ಬಯಸುವುದು ಬೇರೆ. ಗದ್ದೆಯಲ್ಲಿ ನೀರು ನಿಲ್ಲಿಸುವುದರ ದೊಡ್ಡ ಪ್ರಯೋಜನವೆಂದರೆ ಕಳೆಯ ಹತೋಟಿ. ನೀರಿನಡಿಯಲ್ಲಿ ಬಹುಪಾಲು ಕಳೆಯ ಬೀಜಗಳು ಮೊಳೆಯಲಾರವು.

ಮಳೆಯ ಕ್ರಮ ತಪ್ಪುತ್ತಿರುವ ಈ ಕಾಲದಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ರೈತನು ಈ ಭೇದವನ್ನು ಅರಿಯುವುದು ಅಗತ್ಯವಾಗಿದೆ. 133 ಟಿ.ಎಂ.ಸಿ. ನೀರಿಗೆಂದು ಕಟ್ಟಿದ ಜಲಾಶಯವು ಹೂಳಿನಿಂದಾಗಿ ಈಗ ಸುಮಾರು 105 ಟಿ.ಎಂ.ಸಿ. ಮಾತ್ರ ಹಿಡಿಯುತ್ತದೆ. ಜೋಳ, ಹತ್ತಿಯಂತಹ ಮಿತನೀರಿನ ಬೆಳೆಗಳನ್ನು ಬರದಿಂದ ಕಾಪಾಡುವುದು ಈ ಯೋಜನೆಯ ಮೂಲ ಆಶಯಗಳಲ್ಲೊಂದಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ಹಬ್ಬಿತು. ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತನು ಬರಿದಾದ ಕಾಲುವೆಯನ್ನು ನೋಡುತ್ತ ಕುಳಿತನು. ನೀರು ತಡವಾದರೆ ನಾಟಿಯೂ ತಡವಾಗಿ, ಬೇಸಿಗೆ ಬೆಳೆ ಹೂಬಿಡುವ ಕಾಲವು ಕಡುಬಿಸಿಲಿಗೆ ಸರಿಯುತ್ತದೆ. ಹೂವರಳುವ ಹೊತ್ತಿನಲ್ಲಿ ಉಷ್ಣತೆಯು 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪರಾಗ ಕೆಟ್ಟು ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ.

ಇದಕ್ಕೊಂದು ಪರಿಹಾರ ನೆರೆಯ ಸೀಮೆಯಲ್ಲಿಯೇ ಇದೆ. ಕಲಘಟಗಿ, ಹಾನಗಲ್ಲು, ಮುಂಡಗೋಡಗಳ ರೈತರು ತಲೆಮಾರುಗಳಿಂದ ಒಣಭೂಮಿಯಲ್ಲಿ ಕೂರಿಗೆಯಿಂದ ಭತ್ತ ಬಿತ್ತುತ್ತ ಬಂದಿದ್ದಾರೆ. ಸಸಿಮಡಿಯಿಲ್ಲ, ಕೆಸರು ಮಾಡುವುದಿಲ್ಲ, ನಾಟಿಯ ಆಳಿಗಾಗಿ ಅಲೆಯಬೇಕಾಗಿಲ್ಲ. ಅದೇ ಕ್ರಮವನ್ನು ಟ್ರ್ಯಾಕ್ಟರ್ ಕೂರಿಗೆಯೊಡನೆ ಅಚ್ಚುಕಟ್ಟಿನಲ್ಲಿಯೂ ಅನುಸರಿಸಬಹುದು. ಕಾಲುವೆಯ ನೀರಿಗೆ ಕಾಯದೆ ಮುಂಗಾರಿನ ಹದಕ್ಕೆ ಬಿತ್ತಿದರೆ ಬೆಳೆಯು ನಾಟಿಗಿಂತ ಒಂದು ವಾರ ಮೊದಲೇ ಕಟಾವಿಗೆ ಬರುವುದುಂಟು. ಆದರೆ ಇದು ಸುಲಭದ ದಾರಿಯೆಂದು ಹೇಳಿದರೆ ರೈತನಿಗೆ ಮೋಸ ಮಾಡಿದಂತೆ. ನೀರಿನ ಹೊದಿಕೆಯಿಲ್ಲದ ನೆಲದಲ್ಲಿ ಬೆಳೆಯೊಡನೆ ಕಳೆಯೂ ಏಳುತ್ತದೆ. ಮೊದಲ ಮೂವತ್ತು ನಲವತ್ತು ದಿನ ಎಡೆ ಹೊಡೆದು, ಕಳೆ ತೆಗೆದು ಕಾಯದಿದ್ದರೆ ಫಸಲೇ ಕೈಬಿಡಬಹುದು. ಸುಣ್ಣದ ಅಂಶ ಹೆಚ್ಚಿರುವ ಭೂಮಿಯಲ್ಲಿ ಕಬ್ಬಿಣದ ಕೊರತೆಯಿಂದ ಎಳೆಯ ಎಲೆಗಳು ಬಿಳುಪೇರುವುದೂ ಉಂಟು.

ನಾಟಿಯನ್ನೇ ಬಯಸುವವರಿಗೆ ಇನ್ನೊಂದು ಕ್ರಮವಿದೆ. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಪ್ರಚುರಪಡಿಸಿದ ಈ ಕ್ರಮದಲ್ಲಿ ರಂಧ್ರಗಳಿರುವ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳುತ್ತಾರೆ. ಸಸಿ ಬೇರೂರಿದ ಮೇಲೆ ನೀರು ಇಂಗಲು ಬಿಟ್ಟು, ಕೊಳವೆಯೊಳಗಿನ ಮಟ್ಟವು ನೆಲದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ಸುಮಾರು 5 ಸೆಂಟಿಮೀಟರ್ ನೀರು ಕಟ್ಟುತ್ತಾರೆ. ಹೂಬಿಡುವ ವಾರಗಳಲ್ಲಿ ಮಾತ್ರ ಗದ್ದೆ ಒಣಗಬಾರದು. ಇದರಿಂದ ಇಳುವರಿ ತಗ್ಗದೆ ಶೇಕಡಾ 30ರವರೆಗೆ ನೀರು ಉಳಿಯಬಲ್ಲುದು. ಗಾಳಿಯಾಡದ ಕೆಸರಿನಲ್ಲಿ ಹುಟ್ಟುವ ಮೀಥೇನ್ ಅನಿಲವೂ ಬಹುಮಟ್ಟಿಗೆ ತಗ್ಗುತ್ತದೆ. ಭೂಮಿಯನ್ನು ಕಾಯಿಸುವ ಅನಿಲಗಳಲ್ಲಿ ಅದೂ ಒಂದು. ಒಂದು ತುಂಡು ಕೊಳವೆ, ಒಂದು ಅಳತೆಪಟ್ಟಿ ಇದ್ದರೆ ಪ್ರೌಢಶಾಲೆಯ ವಿದ್ಯಾರ್ಥಿಯೂ ತಂದೆಯ ಗದ್ದೆಯಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು.

ತೊಡಕು ಇರುವುದು ಕೊಳವೆಯಲ್ಲಲ್ಲ. ನೀರಿನ ಕರವು ಬೆಳೆ ಮತ್ತು ಎಕರೆಯ ಲೆಕ್ಕದಲ್ಲಿದೆ, ಬಳಸಿದ ನೀರಿನ ಅಳತೆಯ ಮೇಲಲ್ಲ. ಮೇಲ್ಭಾಗದವನು ಉಳಿಸಿದ ನೀರಿನಿಂದ ಅವನಿಗೆ ಕಾಸೂ ಉಳಿಯದು. ಇಂದು ತೂಬು ಮುಚ್ಚಿದರೆ ನಾಳೆ ನೀರು ಬಂದೀತೆಂಬ ಭರವಸೆಯೂ ಅವನಿಗಿಲ್ಲ. ನೀರು ಬಳಕೆದಾರರ ಸಹಕಾರ ಸಂಘಗಳು ಸರದಿಯ ದಿನಗಳನ್ನು ಮುಂಚಿತವಾಗಿ ಗೊತ್ತುಪಡಿಸಿ, ತಪ್ಪದೆ ನಡೆಸಿಕೊಟ್ಟಲ್ಲಿ ಮಾತ್ರ ಅವನು ಧೈರ್ಯದಿಂದ ಗದ್ದೆಯನ್ನು ಆರಲು ಬಿಟ್ಟಾನು.