ಚಂದ್ರಭಾಗೆಯ ದೋಣಿ ಬಲ್ಲವರಿಗೆ ಸಮುದ್ರದ ಲಾಂಚ್

ನಮ್ಮೂರು ನಂದೇಶ್ವರದ ಮಂದಿಗೆ ದೋಣಿ ಹೊಸದಲ್ಲ. ಪಂಢರಪುರಕ್ಕೆ ಹೋದಾಗ ಚಂದ್ರಭಾಗೆಯಲ್ಲಿ ಪುಂಡಲೀಕನ ಗುಡಿಯ ಕಡೆ ದೋಣಿ ಹತ್ತಿದವರೇ ನಾವೆಲ್ಲ. ಆದರೂ ಮುಂಬಯಿಯ ಸಮುದ್ರ ಕಂಡರೆ ಕಾಲು ಹಿಂದೇಟು ಹಾಕುತ್ತವೆ. ನಮ್ಮ ಓಣಿಯ ಕಾಕಾ ಒಬ್ಬರು ಗೇಟ್‌ವೇ ಆಫ್ ಇಂಡಿಯಾ ತನಕ ಹೋಗಿ, ನೀರು ನೋಡಿ, ಒಂದು ಫೋಟೋ ತೆಗೆಸಿಕೊಂಡು ತಿರುಗಿ ಬಂದರು. ಅಲ್ಲಿಂದ ಲಾಂಚ್ ಹತ್ತಿ ಘಾರಾಪುರಿಗೆ, ಅಂದರೆ ಎಲಿಫೆಂಟಾ ದ್ವೀಪಕ್ಕೆ, ಹೋಗಿ ಬರಲು ಅಂಥವರಿಗಾಗಿ ಈ ಪಾಠ.

ಸೊಲ್ಲಾಪುರದಲ್ಲಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಾಗ ಮುಂಬಯಿ. ಸೋಮವಾರ ಮಾತ್ರ ಬೇಡ, ಅಂದು ಘಾರಾಪುರಿಯ ಗವಿಗಳು ಬಂದ್. ಮಳೆಗಾಲವೂ ಬೇಡ, ಸಮುದ್ರ ಕೆರಳಿದರೆ ಲಾಂಚ್ ಬಿಡುವುದಿಲ್ಲ. ಟಿಕೀಟು ಗೇಟ್‌ವೇ ಹತ್ತಿರದ ಕೌಂಟರಿನಲ್ಲೇ ತಗೊಳ್ಳಿ, ನಡುವೆ ಅಡ್ಡಬರುವವರ ಕೈಯಲ್ಲಿ ಬೇಡ. ಹತ್ತಿದ ಕೂಡಲೇ ಲೈಫ್ ಜಾಕೆಟ್ ಹಾಕಿಕೊಳ್ಳಿ, ಸೆಕೆ ಅಂತ ಬಿಚ್ಚಬೇಡಿ. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ಪ್ರಯಾಣಿಕರ ದೋಣಿಗೆ ನೌಕಾದಳದ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಹೊಟ್ಟೆ ತೊಳೆಸುವವರು ನಡುಭಾಗದಲ್ಲಿ ಕೂತು ದೂರದ ದಂಡೆಯ ಮೇಲೆ ಕಣ್ಣಿಡಬೇಕು. ನಡುಭಾಗದಲ್ಲಿ ಅಲುಗಾಟ ಕಡಿಮೆ.

ಲಾಂಚ್ ದಂಡೆ ಬಿಟ್ಟ ಮೇಲೆ ಹಿಂದೆ ತಿರುಗಿ. ಗೇಟ್‌ವೇ ಕಟ್ಟಿದ್ದೇ ಸಮುದ್ರದಿಂದ ಬರುವವರ ಕಣ್ಣಿಗಾಗಿ. ರಸ್ತೆಯ ಕಡೆಯಿಂದ ನೋಡುವ ನಾವು ಅದರ ಬೆನ್ನನ್ನು ನೋಡಿದಂತೆ. 1911ರಲ್ಲಿ ಇಂಗ್ಲೆಂಡಿನ ರಾಜ ಐದನೆಯ ಜಾರ್ಜ್ ಇಲ್ಲಿ ಇಳಿದದ್ದರ ನೆನಪಿಗೆ ಎತ್ತಿದ ಕಮಾನು ಇದು. ಕೆಲಸ ಮುಗಿದು ತೆರೆದದ್ದು 1924ರಲ್ಲಿ. 1948ರ ಫೆಬ್ರುವರಿ 28ರಂದು ಬ್ರಿಟಿಷರ ಕೊನೆಯ ಪಲ್ಟನ್ನು ಹೊರಟು ಹೋದದ್ದೂ ಇದರಡಿಯಿಂದಲೇ. ಬರುವ ಬಾಗಿಲೆಂದು ಕಟ್ಟಿಸಿದವರು ಅಲ್ಲಿಂದಲೇ ಹೊರಬಿದ್ದರು.

ಸುಮಾರು ಒಂದು ತಾಸು, ಹತ್ತು ಕಿಲೋಮೀಟರು ನೀರು. ಅಷ್ಟರಲ್ಲಿ ಒಂದು ಕಥೆ ಹೇಳುತ್ತೇನೆ. ಈ ಸಮುದ್ರದಲ್ಲಿ ದೋಣಿ ಹತ್ತಿದ ಮೊದಲ ಕನ್ನಡಿಗರು ನೀವಲ್ಲ. ಐಹೊಳೆಯ ಮೇಗುಟಿ ಗುಡಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಕೊಂಕಣದ ಮೌರ್ಯರ ಪುರಿಯನ್ನು ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಲ್ಲಿ ಮುತ್ತಿದನೆಂದು ಅದು ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ ಅನ್ನುವವರಿದ್ದಾರೆ, ಅಲ್ಲ ಅನ್ನುವ ವಿದ್ವಾಂಸರೂ ಇದ್ದಾರೆ. ಶಾಸನದ ಕವಿಗೆ ಹಡಗುಗಳು ಆನೆಗಳಂತೆ ಕಂಡವು. ಈ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಎಂದು ಹೆಸರಿಟ್ಟದ್ದೂ ಒಂದು ಕಲ್ಲಾನೆಯನ್ನು ಕಂಡೇ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ಚೂರಾಯಿತು. 1914ರಲ್ಲಿ ಜೋಡಿಸಿ ನಿಲ್ಲಿಸಿದ ಆನೆ ಈಗ ಭಾಯಖಳಾದ ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. ಬೆಸುಗೆಯ ಗೆರೆಗಳು ಮೈಮೇಲೆ ಹಾಗೇ ಕಾಣುತ್ತವೆ.

ದ್ವೀಪದಲ್ಲಿ ಇಳಿದರೆ ನೂರಿಪ್ಪತ್ತರಷ್ಟು ಮೆಟ್ಟಿಲು. ಶೇಂಗಾ ಚಟ್ನಿ ರೊಟ್ಟಿಯ ಬುತ್ತಿಯನ್ನು ಚೀಲದೊಳಗೇ ಇಡಿ. ನನ್ನ ಕೈಯಿಂದ ತಂಪು ಪಾನೀಯದ ಬಾಟಲಿ ಕಸಿದ ಮಂಗ, ಬಿರಡೆ ಹಲ್ಲಿನಿಂದ ತಿರುವಿ ತೆಗೆದು, ನನ್ನೆದುರಿಗೇ ಕುಡಿದು ಖಾಲಿ ಬಾಟಲಿ ಒಗೆಯಿತು.

ಗವಿಯ ಒಳಗೆ ಹೋದವರು ನೇರ ದೊಡ್ಡ ಮೂರ್ತಿಗೆ ಓಡುತ್ತಾರೆ. ನೀವು ಮೊದಲು ಗೋಡೆ ಮುಟ್ಟದೆ ಹತ್ತಿರದಿಂದ ನೋಡಿ. ನಮ್ಮಲ್ಲಿ ಬಾವಿ ತೋಡುವಾಗ ಸುರಂಗ ಇಟ್ಟು ಒಡೆಯುತ್ತೇವಲ್ಲ, ಅದೇ ಜಾತಿಯ ಕರಿಕಲ್ಲು ಇದು. ಅದೇ ಕಲ್ಲಿನಲ್ಲಿ ಕಂಬ, ತೊಲೆ, ಬಾಗಿಲು ಎಲ್ಲ ಕೊರೆದು ಉಳಿಸಿದ್ದಾರೆ. ಆಮೇಲೆ ಒಂದು ನಿಮಿಷ ಕಣ್ಣು ಕತ್ತಲೆಗೆ ಹೊಂದಲಿ. ಹಿಂಗೋಡೆಯಿಂದ ಐದೂವರೆ ಮೀಟರಿನ ಮೂರು ಮುಖದ ಸದಾಶಿವ ನಿಧಾನಕ್ಕೆ ಮುಂದೆ ಬರುತ್ತಾನೆ. ಒಂದು ಮಗ್ಗುಲ ಮುಖದಲ್ಲಿ ಸಿಟ್ಟು, ಇನ್ನೊಂದರಲ್ಲಿ ಹೆಣ್ಣಿನ ಸೌಮ್ಯತೆ. ನಡುವಿನ ಮುಖ ಕಣ್ಣು ಮುಚ್ಚಿದೆ, ಎರಡರ ಗೊಡವೆಯೂ ಅದಕ್ಕಿಲ್ಲ. ಇಲ್ಲಿ ಸಿಕ್ಕ ಕಲಚೂರಿ ಕೃಷ್ಣರಾಜನ ನಾಣ್ಯಗಳನ್ನು ನೋಡಿ, ಆರನೆಯ ಶತಮಾನದ ಆ ಅರಸರ ಕಾಲದ ಕೆಲಸವಿದು ಎನ್ನುತ್ತಾರೆ ಹಲವರು. ಕಲಚೂರಿ ಎಂದರೆ ನಮಗೆ ಮಂಗಳವೇಡೆಯ ಬಿಜ್ಜಳ. ಅವನ ಮನೆತನದವರೂ ತಾವು ಉತ್ತರದ ಕಲಚೂರಿಗಳ ವಂಶದವರೆಂದೇ ಹೇಳಿಕೊಂಡರು.

ತಿರುಗಿ ಬರುವ ಕೊನೆಯ ಲಾಂಚ್ ಎಷ್ಟಕ್ಕೆ ಎಂದು ಇಳಿದ ಕೂಡಲೇ ಕೇಳಿಡಿ, ದ್ವೀಪದಲ್ಲಿ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ.

ಮರುದಿನಕ್ಕೆ ಗೇಟ್‌ವೇ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ ಇಟ್ಟುಕೊಳ್ಳಿ. 1922ರಲ್ಲಿ ತೆರೆದ ಕಟ್ಟಡ, ವಾಸ್ತುಶಿಲ್ಪಿ ಗೇಟ್‌ವೇ ಕಟ್ಟಿದ ಜಾರ್ಜ್ ವಿಟೆಟ್ಟನೇ. ನಡುಮನೆಯಲ್ಲಿ ನಿಂತು ಕತ್ತು ಮೇಲೆತ್ತಿ. ಗುಮ್ಮಟ ಹೊತ್ತ ಒಳಕಮಾನುಗಳಿಗೆ ವಿಜಾಪುರದ ಗೋಲಗುಮ್ಮಟವೇ ಮಾದರಿ. ಎಲ್ಲಾ ಕೋಣೆ ಸುತ್ತಿದರೆ ಕಾಲು ನೋಯುತ್ತವೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ. ಶಿಲ್ಪಗಳ ಕೋಣೆಗೆ ಹೋಗಿ ಐಹೊಳೆಯ ಬ್ರಹ್ಮ ಎಲ್ಲಿ ಎಂದು ಕೇಳಿ. ಒಂದು ಕಾಲಕ್ಕೆ ಗುಡಿಯ ಮಾಳಿಗೆಯಲ್ಲಿ, ನೆತ್ತಿಯ ಮೇಲಿದ್ದ ಹಾಸುಗಲ್ಲು ಅದು. ಈಗ ಕಣ್ಣಳತೆಗೆ ಇಳಿದಿದೆ.