ಆ್ಯಪ್ ಬಿಡುಗಡೆಯ ದಿನ ಗೊತ್ತು ಮಾಡುವ ಮೊದಲು

ಯುಗಾದಿಗೋ ಆಯುಧಪೂಜೆಗೋ ಬಿಡುಗಡೆ ಎಂದು ದಿನ ನಿಗದಿ ಮಾಡಿ, ಕರಪತ್ರ ಅಚ್ಚು ಹಾಕಿಸಿ, ಅತಿಥಿಗಳನ್ನೂ ಕರೆದಾಗಿರುತ್ತದೆ. ಆ ಹೊತ್ತಿಗೆ ನೋಡಿದರೆ ಆ್ಯಪ್ ಪ್ಲೇ ಸ್ಟೋರ್‌ನಲ್ಲೇ ಇರುವುದಿಲ್ಲ. ಮೊದಲ ಬಾರಿ ಡಿಜಿಟಲ್ ಉದ್ಯಮಕ್ಕೆ ಕೈಹಾಕುವವರು ಮತ್ತೆ ಮತ್ತೆ ಮಾಡುವ ತಪ್ಪಿದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳಲ್ಲಿ ‘ಅದು ಓಪನ್ನೇ ಆಗಲ್ಲ ಕಣಪ್ಪ’ ಎಂಬ ಮಾತು ಒಮ್ಮೆ ಹಬ್ಬಿತೆಂದರೆ ಎರಡನೇ ಅವಕಾಶ ಸಿಗುವುದು ಕಷ್ಟ.

ಹಂತ 1: ಕೋಡ್‌ಗಿಂತ ಮುಂಚೆ ಗಿರಾಕಿ

2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಬಸ್ ಟಿಕೆಟ್ ಸಿಗದೆ ಪರದಾಡಿದ ಫಣೀಂದ್ರ ಸಾಮ, ಗೆಳೆಯರ ಜೊತೆ ಸೇರಿ ಬಸ್ ಮಾಲೀಕರಿಗೆಂದು ತಂತ್ರಾಂಶ ಬರೆದರು. ಮಾಲೀಕರು ಅದನ್ನು ಒಪ್ಪಲಿಲ್ಲ. ಆಗ ಕೆಲವೇ ಸೀಟುಗಳನ್ನು ಕೇಳಿ ಪಡೆದು, ತಾವೇ ಮಾರತೊಡಗಿದರು. 2006ರಲ್ಲಿ ರೆಡ್‌ಬಸ್ ಶುರುವಾದದ್ದು ಹಾಗೆ. 2013ರಲ್ಲಿ ಐಬಿಬೋ ಕಂಪನಿ ಅದನ್ನು ಕೊಂಡುಕೊಂಡಿತು.

ಹಾಸನದ ಎಪಿಎಂಸಿಗೆ ಬರುವ ಆಲೂಗಡ್ಡೆ, ಚನ್ನರಾಯಪಟ್ಟಣದ ತೆಂಗು, ರಾಮನಾಥಪುರದ ತಂಬಾಕು ಹರಾಜು, ಹೀಗೆ ಯಾವುದರ ಸುತ್ತ ಆ್ಯಪ್ ಕಟ್ಟುವುದಿದ್ದರೂ ಮೊದಲ ಎರಡು ವಾರ ಒಂದು ವಾಟ್ಸ್ಆ್ಯಪ್ ಸಂಖ್ಯೆ ಮತ್ತು ಒಂದು ನೋಟ್‌ಬುಕ್ಕಿನಲ್ಲೇ ಕೆಲಸ ನಡೆಸಿ ನೋಡಬೇಕು. ಹತ್ತು ಮಂದಿಯಾದರೂ ದುಡ್ಡು ಕೊಟ್ಟು ಸೇವೆ ಪಡೆಯಬೇಕು. ‘ಚೆನ್ನಾಗಿದೆ’ ಎಂಬ ಹೊಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಹಂತ 2: ದರ

ಬೆಂಗಳೂರಿನಲ್ಲಿ 2022ರಲ್ಲಿ ಬಂದ ‘ನಮ್ಮ ಯಾತ್ರಿ’ ಆ್ಯಪ್, ಆಟೊ ಚಾಲಕರ ಪ್ರತಿ ಬಾಡಿಗೆಯಲ್ಲೂ ಪಾಲು ಕೇಳಲಿಲ್ಲ. ಮುಂದೆ ಶುಲ್ಕ ಇಟ್ಟಾಗಲೂ ದಿನಕ್ಕೆ ₹25 ಎಂಬ ಸರಳ ಲೆಕ್ಕವನ್ನು ಮುಂದಿಟ್ಟಿತು. ತಿಂಗಳ ಕೊನೆಗೆ ಬರುವ ಶೇಕಡಾವಾರು ಲೆಕ್ಕಕ್ಕಿಂತ, ಬೆಳಿಗ್ಗೆಯೇ ಗೊತ್ತಿರುವ ಮೊತ್ತವನ್ನು ಸಣ್ಣ ದುಡಿಮೆಯವರು ಬೇಗ ನಂಬುತ್ತಾರೆ.

ಹಂತ 3: ಹನ್ನೆರಡು ಜನ, ಹದಿನಾಲ್ಕು ದಿನ

ಎಲ್ಲರೂ ಎಡವುವುದು ಇಲ್ಲಿ. ಪ್ಲೇ ಸ್ಟೋರ್‌ನ ಡೆವಲಪರ್ ಖಾತೆಗೆ 25 ಡಾಲರ್, ಅದೂ ಒಂದೇ ಸಲ. ಹಣ ಕಟ್ಟಿದ ಕೂಡಲೇ ಆ್ಯಪ್ ಜನರಿಗೆ ಸಿಗುತ್ತದೆ ಎಂದುಕೊಳ್ಳುವುದೇ ದೊಡ್ಡ ತಪ್ಪು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಮುಚ್ಚಿದ ಪರೀಕ್ಷೆ (ಕ್ಲೋಸ್ಡ್ ಟೆಸ್ಟಿಂಗ್) ಕಡ್ಡಾಯ. ಕನಿಷ್ಠ 12 ಜನ ಪರೀಕ್ಷಕರಾಗಿ ಸೇರಿ, ಸತತ 14 ದಿನ ಹಾಗೆಯೇ ಉಳಿಯಬೇಕು. ಮೊದಲು ಈ ಸಂಖ್ಯೆ 20 ಇತ್ತು, 2024ರ ಡಿಸೆಂಬರಿನಲ್ಲಿ ಇಳಿಸಿದರು.

‘ಸತತ’ ಎಂಬ ಪದವನ್ನು ಎರಡು ಸಲ ಓದಬೇಕು. ಮನೆಯವರು, ನೆಂಟರೆಂದು ಸರಿಯಾಗಿ ಹನ್ನೆರಡೇ ಜನರನ್ನು ಸೇರಿಸಿದರೆ, ಒಂಬತ್ತನೇ ದಿನ ಭಾವಮೈದುನ ಪರೀಕ್ಷೆಯಿಂದ ಹೊರಬಂದರೂ ಲೆಕ್ಕ ಮುರಿಯುತ್ತದೆ. ಇಪ್ಪತ್ತು ಜನರನ್ನಾದರೂ ಸೇರಿಸುವುದು ಕ್ಷೇಮ. ಪ್ರತಿಯೊಬ್ಬರ ಬಳಿಯೂ ಆಂಡ್ರಾಯ್ಡ್ ಫೋನ್ ಇರಬೇಕು. ಅವರ ಜಿಮೇಲ್ ವಿಳಾಸ ಪಟ್ಟಿಯಲ್ಲಿದ್ದರಷ್ಟೇ ಸಾಲದು. ಕಳಿಸಿದ ಕೊಂಡಿ ಒತ್ತಿ, ಪರೀಕ್ಷಕರಾಗಲು ಒಪ್ಪಿಗೆ ಕೊಟ್ಟಿರಬೇಕು. ಇಲ್ಲದಿದ್ದರೆ ಅವರು ಲೆಕ್ಕಕ್ಕೇ ಬರುವುದಿಲ್ಲ. ನೆಂಟರಿಗಿಂತ ಮೊದಲ ಹಂತದ ಗಿರಾಕಿಗಳನ್ನೇ ಸೇರಿಸುವುದು ಮೇಲು. ಯಾಕೆಂದರೆ ಹದಿನಾಲ್ಕು ದಿನ ಮುಗಿದ ಮೇಲೆ ಬಿಡುಗಡೆಗೆ ಅರ್ಜಿ ಹಾಕುವಾಗ, ಪರೀಕ್ಷಕರು ಏನು ಹೇಳಿದರು, ಏನನ್ನು ತಿದ್ದಿದಿರಿ ಎಂದು ಗೂಗಲ್ ಕೇಳುತ್ತದೆ. ಆ್ಯಪ್ ಬಳಸದೆ ಸುಮ್ಮನೆ ಇಟ್ಟುಕೊಂಡವರಿಂದ ಅದಕ್ಕೆ ಉತ್ತರ ಸಿಗದು.

ಆ ಅರ್ಜಿಯ ಪರಿಶೀಲನೆಗೆ ಸಾಮಾನ್ಯವಾಗಿ ಏಳು ದಿನದೊಳಗಿನ ಸಮಯ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹಾಗಾಗಿ ಬಿಡುಗಡೆಯ ದಿನಕ್ಕಿಂತ ಕನಿಷ್ಠ ಐದು ವಾರ ಮುಂಚೆ ಪರೀಕ್ಷೆ ಶುರುವಾಗಬೇಕು. ಕರಪತ್ರ ಅಚ್ಚಿಗೆ ಹೋಗುವುದು ಒಪ್ಪಿಗೆ ಬಂದ ನಂತರವೇ. ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆ ಹಾಸನಕ್ಕೆ ಬರುವುದು ಏಪ್ರಿಲ್–ಮೇ ಹೊತ್ತಿಗೆ. ಆ ಹಂಗಾಮನ್ನು ನೆಚ್ಚಿದ ಆ್ಯಪ್‌ನ ಪರೀಕ್ಷೆ ಏಪ್ರಿಲ್‌ನಲ್ಲಿ ಆರಂಭವಾದರೆ, ಕೈಗೆ ಬರುವಷ್ಟರಲ್ಲಿ ಹಂಗಾಮು ಶುರುವಾಗಿಬಿಟ್ಟಿರುತ್ತದೆ.

ಹಂತ 4: ಉಳಿದ ಕಾಗದಪತ್ರ

ಕನ್ನಡ ಪಠ್ಯವೆಲ್ಲ ಯುನಿಕೋಡ್‌ನಲ್ಲೇ ಇರಲಿ; ಹಳೆಯ ‘ನುಡಿ’ ತಂತ್ರಾಂಶದ ಕಡತದಿಂದ ನೇರ ಅಂಟಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಗೋಪ್ಯತಾ ನೀತಿಯ ಪುಟ ಬೇಕೇ ಬೇಕು. ಟ್ಯೂಷನ್ ಆ್ಯಪ್ ಮಾಡುವವರು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಓದಿಕೊಳ್ಳಲಿ: 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಉದ್ಯಮ್ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ತಾಣಗಳಿಂದ ದೂರವಿರಬೇಕು. ಮೊದಲ ತಿಂಗಳು ಒಂದೇ ತಾಲ್ಲೂಕಿಗೆ ಸೇವೆ ಸಾಕು. ಆ್ಯಪ್‌ನ ಮೊದಲ ಪರದೆಯಲ್ಲೇ, ಕನ್ನಡದಲ್ಲಿ ಉತ್ತರ ಸಿಗುವ ಒಂದು ಫೋನ್ ಸಂಖ್ಯೆ ಇರಲಿ.